ಹೈಡಾ ಸ್ಕ್ಯಾನಿನಲ್ಲಿ 31% ಬಂದರೆ ಪಿತ್ತಕೋಶ ತೆಗೆಸಲೇಬೇಕಾ?

ನಿಮ್ಮ ತಾಯಿಯವರಿಗೆ ಮಿರ್ಚಿ ಮಂಡಕ್ಕಿ ತಿಂದಾಗಲೆಲ್ಲ ಬಲಪಕ್ಕೆಯ ಕೆಳಗೆ ನೋವು, ಅಲ್ಟ್ರಾಸೌಂಡಿನಲ್ಲಿ ಕಲ್ಲಿಲ್ಲ, ಹೈಡಾ ಸ್ಕ್ಯಾನಿನಲ್ಲಿ ಇಜೆಕ್ಷನ್ ಫ್ರ್ಯಾಕ್ಷನ್ (ಪಿತ್ತಕೋಶ ಎಷ್ಟು ಖಾಲಿಯಾಯಿತು ಅನ್ನುವ ಅಂಕಿ) 31%, ಆಪರೇಷನ್ ಬೇಕಾ ಅಂತ ಕೇಳಿದ್ದೀರಿ. ನಾನೂ ದಾವಣಗೆರೆಯವನೇ. ಈ ಸ್ಕ್ಯಾನ್ ಓದಿ ರಿಪೋರ್ಟ್ ಬರೆಯುವುದೇ ನನ್ನ ಕೆಲಸ. ಆ ಒಂದು ಅಂಕಿ ನೋಡಿ ಆಪರೇಷನ್‌ಗೆ ಒಪ್ಪಿಕೊಳ್ಳಬೇಡಿ.

ಹೈಡಾ ಅಂದರೆ ಪಿತ್ತರಸ ಹರಿಯುವುದನ್ನು ನೋಡುವ ಸ್ಕ್ಯಾನ್. ಇದರಲ್ಲಿ ನರಕ್ಕೆ ಕೊಟ್ಟ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ಔಷಧವನ್ನು ಲಿವರ್ ಹೀರಿಕೊಂಡು ಪಿತ್ತರಸದ ಜೊತೆ ಹೊರಗೆ ಬಿಡುತ್ತದೆ. ಚಿತ್ರದಲ್ಲಿ ಮೊದಲು ಇಡೀ ಲಿವರ್ ಕಪ್ಪಗೆ ಕಾಣುತ್ತದೆ. ಆಮೇಲೆ ಅದರ ಕೆಳಗಂಚಿನಲ್ಲಿ ಪಿತ್ತಕೋಶ ದುಂಡಗೆ ತುಂಬಿಕೊಳ್ಳುತ್ತದೆ, ಸಾಮಾನ್ಯವಾಗಿ 60 ನಿಮಿಷದೊಳಗೆ. 4 ಗಂಟೆಯಾದರೂ ತುಂಬದಿದ್ದರೆ ಪಿತ್ತಕೋಶದ ನಾಳ ಕಟ್ಟಿಕೊಂಡು ಬಾವು ಬಂದಿದೆಯಾ ಅಂತ ಯೋಚಿಸುತ್ತೇವೆ. ನಿಮ್ಮ ತಾಯಿಯವರದು ತುಂಬಿದೆ. ಅಂದರೆ ನಾಳ ತೆರೆದಿದೆ, ಅಷ್ಟರಮಟ್ಟಿಗೆ ನೆಮ್ಮದಿ.

ಇನ್ನು 31%. ತುಂಬಿದ್ದರಲ್ಲಿ 100ಕ್ಕೆ 31 ಪಾಲು ಖಾಲಿಯಾಯಿತು ಅಂತ ಅರ್ಥ. ಆದರೆ ಖಾಲಿ ಮಾಡಿಸಲು ಏನು ಕೊಟ್ಟರು? ಪಿತ್ತಕೋಶ ಹಿಂಡಿಕೊಳ್ಳುವಂತೆ ಮಾಡುವ ಸಿಸಿಕೆ ಔಷಧವನ್ನು 60 ನಿಮಿಷ ನಿಧಾನವಾಗಿ ಹರಿಸಿದ್ದರೆ 38%ಕ್ಕಿಂತ ಕೆಳಗಿನದು ಕಡಿಮೆಯೇ. ಅದನ್ನೇ 3 ನಿಮಿಷದಲ್ಲಿ ಕೊಟ್ಟರೆ ಆರೋಗ್ಯವಂತರಲ್ಲೂ ಅಂಕಿ ಏರುಪೇರಾಗುತ್ತದೆ. ಕೊಬ್ಬಿನಂಶದ ಹಾಲೋ ಪಾನೀಯವೋ ಕುಡಿಸಿದ್ದರೆ ಮಿತಿಯೇ ಬೇರೆ. ರಿಪೋರ್ಟಿನಲ್ಲಿ ಇದು ಬರೆದಿಲ್ಲದಿದ್ದರೆ ಫೋನ್ ಮಾಡಿ ಕೇಳಿ, ಸಂಕೋಚ ಬೇಡ.

ಚಿತ್ರಗಳನ್ನೂ ಇನ್ನೊಮ್ಮೆ ನೋಡಿಸಿ. ಲೆಕ್ಕ ಹಾಕುವಾಗ ಪಿತ್ತಕೋಶದ ಸುತ್ತ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತೇವೆ. ಪಕ್ಕದ ಸಣ್ಣಕರುಳು ಆ ಗೆರೆಯೊಳಗೆ ಬಂದುಬಿಟ್ಟರೆ, ಅಲ್ಲಿಗೆ ಇಳಿದ ಔಷಧವೂ ಪಿತ್ತಕೋಶದ್ದೇ ಅಂತ ಲೆಕ್ಕವಾಗಿ ಅಂಕಿ ಸುಮ್ನೆ ಕಡಿಮೆ ಬರುತ್ತದೆ. ಮಾತ್ರೆಗಳ ಕಥೆಯೂ ಇದೆ. ಟ್ರಮಡಾಲ್‌ನಂಥ ನೋವಿನ ಔಷಧ, ಬಿಪಿಗೆ ಕೊಡುವ ನಿಫೆಡಿಪಿನ್ ಇವೆಲ್ಲ ಪಿತ್ತ ಹರಿಯುವುದನ್ನು ತಡೆಯಬಹುದು. ಆ ದಿನ ಅವರು ಏನು ತಗೊಂಡಿದ್ದರು ಅಂತ ಡಾಕ್ಟರಿಗೆ ಹೇಳಿ. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಇದೆಲ್ಲ ಸರಿಯಿದ್ದು, ಅರ್ಧ ಗಂಟೆಗಿಂತ ಜಾಸ್ತಿ ಹಿಡಿದುಕೊಳ್ಳುವ ಜೋರು ನೋವು ಮತ್ತೆ ಮತ್ತೆ ಬರುತ್ತಿದ್ದರೆ ಆಗ ಸರ್ಜನ್ ಹತ್ತಿರ ಮಾತಾಡಿ. ಬರೀ ಗ್ಯಾಸು, ಹುಳಿತೇಗು ಆಗಿದ್ದರೆ ಪಿತ್ತಕೋಶ ತೆಗೆಸಿದರೂ ಅದು ಹೋಗುವುದು ಅನುಮಾನ, ಮೊದಲು ಎಂಡೋಸ್ಕೋಪಿ ಬೇಕಾ ಅಂತ ಕೇಳಿ. ಜ್ವರ ಬಂದರೆ, ಕಣ್ಣು ಹಳದಿಯಾದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.