ಕೆನಡಾದ ಕಿಚನರ್‌ಗೆ ಬಂದಿಳಿದ ತಂಗಿಗೆ

ತಂಗೀ, ನಿನ್ನ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಮೂರಕ್ಕೆ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಚಳಿಗಾಲದ ಕೋಟನ್ನು ಊರಿನಿಂದ ತರಿಸಬೇಡ, ಅಲ್ಲಿಯದು ಇಲ್ಲಿನ ಜನವರಿಗೆ ಸಾಲುವುದಿಲ್ಲ. ಕೋಣೆಯನ್ನು ಕಣ್ಣಾರೆ ನೋಡದೆ ಯಾರಿಗೂ ಮುಂಗಡ ಕಳಿಸಬೇಡ. ಅರೆಕಾಲಿಕ ಕೆಲಸದ ನಿಯಮಗಳು ನಾನು ಬಂದ ಕಾಲದಂತೆ ಈಗ ಇಲ್ಲ, ಕಾಲೇಜಿನ ಕಚೇರಿಯಲ್ಲೇ ಕೇಳು.

ನಾಲ್ಕನೆಯದು ಅಕ್ಟೋಬರ್‌ಫೆಸ್ಟ್. ಜೊತೆಗೆ ಓದುವವರು ಕರೆಯುತ್ತಿದ್ದಾರೆ, ಅಮ್ಮ ಮಾತ್ರ ಫೋನಿನಲ್ಲಿ ‘ಬಿಯರ್ ಕುಡಿಯುವುದೂ ಒಂದು ಹಬ್ಬವೇ? ಅಲ್ಲಿಗೆಲ್ಲ ಕಾಲಿಡಬೇಡ’ ಎಂದಿದ್ದಾರೆ, ಕುಡಿಯದವಳು ಹೋಗಿ ಮಾಡುವುದೇನು ಎಂದು ಬರೆದಿದ್ದೀಯೆ. ನಿನ್ನ ಅಮ್ಮ ಆಡಿದ ಮಾತನ್ನೇ 2003ರಲ್ಲಿ ನಾನೂ ಆಡಿದ್ದೆ.

ಆ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರಿನಿಂದ ಇಲ್ಲಿಗೆ ಬಂದೆ. ಬಂದ ತಿಂಗಳಿಗೇ ನವರಾತ್ರಿ. ಅಮ್ಮ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದ ಪಟ್ಟದ ಗೊಂಬೆಗಳನ್ನು ಬಿಟ್ಟರೆ ಕೂರಿಸಲು ಬೇರೇನೂ ಇರಲಿಲ್ಲ. ಸೂಟ್‌ಕೇಸಿನ ಮೇಲೆ ಬಿಳಿ ಪಂಚೆ ಹಾಸಿ ಎರಡನ್ನೇ ಕೂರಿಸಿದೆ. ಪಕ್ಕದ ಮನೆಯ ಅಜ್ಜಿ, ಎಪ್ಪತ್ತೆಂಟರ ಆಸುಪಾಸು, ಯಾವುದೋ ಕಾಗದ ಕೊಡಲು ಬಂದವರು ಗೊಂಬೆಗಳ ಮುಂದೆ ನಿಂತುಬಿಟ್ಟರು. ರಾಜ ರಾಣಿ ಎಂದೆ. ‘ನಮ್ಮ ಹಬ್ಬವೂ ರಾಜಮನೆತನದ ಮದುವೆಯಿಂದಲೇ ಶುರುವಾದದ್ದು’ ಎಂದರು. ಮುಂದಿನ ವಾರ ತಮ್ಮ ಜೊತೆ ಬರಬೇಕೆಂದು ಕರೆದರು. ಅದು ಬಿಯರ್ ಹಬ್ಬ ಎಂದು ತಿಳಿದದ್ದೇ ತಡ, ನಮ್ಮ ಮನೆಯಲ್ಲಿ ಅದನ್ನೆಲ್ಲ ಮುಟ್ಟುವುದಿಲ್ಲ ಎಂದು ನೆಟ್ಟಗೆ ಹೇಳಿದೆ. ಅವರ ಮುಖ ಸಣ್ಣದಾಯಿತು.

ಅವರು ಹೇಳಿದ್ದು ನಿಜ. 1810ರ ಅಕ್ಟೋಬರ್ 12ರಂದು, ಈಗ ಜರ್ಮನಿಗೆ ಸೇರಿದ ಬವೇರಿಯಾದ ಯುವರಾಜ ಲುಡ್ವಿಗ್, ರಾಜಕುಮಾರಿ ತೆರೇಸೆಯನ್ನು ಮದುವೆಯಾದ. ಮ್ಯೂನಿಕ್ ಊರಾಚೆಯ ಬಯಲಿನಲ್ಲಿ ಕುದುರೆ ಓಟ ಇಟ್ಟು ಜನರೆಲ್ಲ ಸಂಭ್ರಮಿಸಿದರು, ಆ ಬಯಲಿಗೆ ಮದುಮಗಳ ಹೆಸರೇ ನಿಂತಿತು. ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ದಸರಾ ಆರಂಭಿಸಿದ್ದು 1610ರಲ್ಲಿ, ಸರಿಯಾಗಿ ಇನ್ನೂರು ವರ್ಷ ಹಿಂದೆ. ಆ ದಿನ ಇದು ನನಗೆ ಗೊತ್ತಿದ್ದರೆ ಅಜ್ಜಿಯನ್ನು ಕೂರಿಸಿಕೊಂಡು ಎಷ್ಟೆಲ್ಲ ಮಾತನಾಡಬಹುದಿತ್ತು!

ಈಗ ನೀನಿರುವ ಊರಿನ ಕಥೆ ಕೇಳು. ಕಿಚನರ್‌ಗೆ ಮೊದಲು ಇದ್ದ ಹೆಸರು ಬರ್ಲಿನ್. ಅಮೆರಿಕದ ಪೆನ್ಸಿಲ್ವೇನಿಯಾದಿಂದ ಬಂದ, ಜರ್ಮನ್ ಮಾತನಾಡುವ ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದ ರೈತರು, ಆಮೇಲೆ ಜರ್ಮನಿಯಿಂದಲೇ ಬಂದ ಕುಶಲಕರ್ಮಿಗಳು ಕಟ್ಟಿದ ಊರು ಇದು. ಅಂಗಡಿಯಲ್ಲಿ, ಚರ್ಚಿನಲ್ಲಿ, ಪತ್ರಿಕೆಯಲ್ಲಿ ಎಲ್ಲೆಡೆ ಜರ್ಮನ್. ಹಾಡುಗಾರರು ಸೇರಿ 1873ರಲ್ಲಿ ಕಟ್ಟಿಕೊಂಡ ಕಾಂಕಾರ್ಡಿಯಾ ಕ್ಲಬ್ ಇವತ್ತಿಗೂ ಇದೆ. 1914ರಲ್ಲಿ ಕೆನಡಾ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿದದ್ದೇ ಎಲ್ಲವೂ ತಲೆಕೆಳಗಾಯಿತು. ವಿಕ್ಟೋರಿಯಾ ಪಾರ್ಕಿನಲ್ಲಿದ್ದ ಜರ್ಮನ್ ಚಕ್ರವರ್ತಿ ಕೈಸರ್ ವಿಲ್ಹೆಲ್ಮನ ಕಂಚಿನ ತಲೆಯನ್ನು ಕಿತ್ತು ಅಲ್ಲಿನ ಕೆರೆಗೆ ಎಸೆದರು. ಮೇಲೆತ್ತಿ ಕ್ಲಬ್ಬಿನಲ್ಲಿ ಇಟ್ಟರೆ, 1916ರ ಫೆಬ್ರವರಿಯಲ್ಲಿ ಸೈನಿಕರು ಕ್ಲಬ್ಬಿಗೇ ನುಗ್ಗಿ ಪುಡಿಗಟ್ಟಿ ಅದನ್ನು ಹೊತ್ತೊಯ್ದರು. ಮೇ ತಿಂಗಳಲ್ಲಿ ಹೆಸರು ಬದಲಿಸಬೇಕೇ ಎಂದು ಮತ ಹಾಕಿಸಿದರು. ಬದಲಿಸಬೇಕು ಎಂದವರು 1,569, ಬೇಡ ಎಂದವರು 1,488. ಹಾಗೆ ಬರ್ಲಿನ್ ಕಿಚನರ್ ಆಯಿತು. 1902ರಿಂದ 1909ರವರೆಗೆ ನಮ್ಮ ದೇಶದಲ್ಲಿ ಬ್ರಿಟಿಷ್ ಸೇನೆಯ ದಂಡನಾಯಕನಾಗಿದ್ದನಲ್ಲ, ಅದೇ ಕಿಚನರ್. 1918ರಲ್ಲಿ ಸರ್ಕಾರ ಜರ್ಮನ್ ಭಾಷೆಯಲ್ಲಿ ಅಚ್ಚು ಹಾಕುವುದನ್ನೇ ನಿಷೇಧಿಸಿತು.

ಅಜ್ಜಿಯ ತಂದೆ ಆಗ ಶಾಲೆಗೆ ಹೋಗುವ ಹುಡುಗ. ಆ ಹುಡುಗನ ಅಪ್ಪ ಮನೆಯ ಜರ್ಮನ್ ಬೈಬಲ್ಲನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ಬೀದಿಯಲ್ಲಿ ಆ ಮಾತು ಆಡಕೂಡದು ಎಂದರಂತೆ. ಬೀದಿಯಲ್ಲಿ ನಿಂತ ಮಾತು ಮನೆಯಲ್ಲೂ ನಿಂತಿತು. ಅಜ್ಜಿಗೆ ಉಳಿದದ್ದು ಒಂದು ಪ್ರಾರ್ಥನೆ, ನಾಲ್ಕಾರು ತಿಂಡಿಗಳ ಹೆಸರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪೂರ್ವ ಯೂರೋಪಿನಿಂದ ನೆಲೆ ಕಳೆದುಕೊಂಡ ಜರ್ಮನ್ನರು ಇಲ್ಲಿಗೆ ಬಂದರು, ಕ್ಲಬ್ಬುಗಳಲ್ಲಿ ಮತ್ತೆ ಹಾಡು ಕುಣಿತ ಕೇಳಿಸಿತು. ಕಾಂಕಾರ್ಡಿಯಾದವರು ತಮ್ಮೊಳಗೇ ಮಾಡಿಕೊಳ್ಳುತ್ತಿದ್ದ ಅಕ್ಟೋಬರ್‌ಫೆಸ್ಟ್ 1969ರಲ್ಲಿ ಊರಹಬ್ಬವಾಯಿತು. ಹೆಸರನ್ನೇ ಅಳಿಸಿಕೊಂಡಿದ್ದ ಊರು ಐವತ್ತಮೂರು ವರ್ಷಗಳ ಮೇಲೆ ಬೀದಿಗಿಳಿದು ಜರ್ಮನ್ ಹಾಡು ಹಾಡಿತು. ನನಗೆ ಇದನ್ನು ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ. ಅಜ್ಜಿ ಆ ಮೊದಲ ವರ್ಷದಿಂದ ಒಂದನ್ನೂ ತಪ್ಪಿಸಿರಲಿಲ್ಲ.

2003ರ ಹಬ್ಬಕ್ಕೆ ಅವರು ಒಬ್ಬರೇ ಹೊರಟದ್ದನ್ನು ನಾನು ಕಿಟಕಿಯಿಂದ ನೋಡಿದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಏಪ್ರನ್, ಅದರ ಅಂಚಿನಲ್ಲಿ ಕೈಯಿಂದ ಹಾಕಿದ ನೀಲಿ ಹೂವಿನ ಕಸೂತಿ. ಹಸಿರು ಟೋಪಿಯ ಸುತ್ತ ವರ್ಷಕ್ಕೊಂದರಂತೆ ಚುಚ್ಚಿದ ಬಿಲ್ಲೆಗಳು, ಟೋಪಿ ಒಂದು ಕಡೆಗೆ ವಾಲುವಷ್ಟು. ನಮ್ಮಜ್ಜಿ ಜಂಬೂಸವಾರಿಗೆ ಧರ್ಮಾವರದ ಸೀರೆಯುಟ್ಟು ಹೊರಡುತ್ತಿದ್ದರಲ್ಲ, ಅದೇ ನಡಿಗೆ. ಅಷ್ಟು ಕಂಡರೂ ನಾನು ಬಾಗಿಲು ತೆರೆಯಲಿಲ್ಲ.

ಮರುದಿನ ಅವರೇ ಬಂದು ಒಂದು ತಟ್ಟೆ ಕೊಟ್ಟರು. ಆಲೂಗೆಡ್ಡೆ ರೊಟ್ಟಿಯಂಥದ್ದು, ಜೊತೆಗೆ ಹುಳಿ ಬರಿಸಿದ ಎಲೆಕೋಸು. ‘ಮಾಂಸ ಇಲ್ಲ’ ಎಂದು ಎರಡು ಸಲ ಹೇಳಿದರು. ಎಲೆಕೋಸಿನ ವಾಸನೆಗೆ ಮುಖ ತಿರುಗಿತು. ಹಂದಿಯ ಕೊಬ್ಬಿನಲ್ಲಿ ಕರಿದಿರಬಹುದು ಎಂಬ ಅನುಮಾನ ಬೇರೆ. ಅವರು ಬಾಗಿಲು ದಾಟುತ್ತಿದ್ದಂತೆ ಎಲ್ಲವನ್ನೂ ಕಸದ ಚೀಲಕ್ಕೆ ಸುರಿದೆ. ತಟ್ಟೆ ತೊಳೆದು ವಾಪಸ್ ಕೊಡುವಾಗ ಚೆನ್ನಾಗಿತ್ತು ಎಂದೆ. ಬರಿದಾದ ತಟ್ಟೆಯನ್ನು ಕೊಡಬಾರದು, ಒಂದು ಚೂರು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ನಿನಗೆ ನಾನು ಹೇಳಬೇಕಿಲ್ಲ. ಅದನ್ನೂ ಮಾಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ಅಂತ್ಯಕ್ರಿಯೆಗೆ ಹೋದಾಗ ಅವರ ಮಗಳು ನನ್ನ ಕೈ ಹಿಡಿದುಕೊಂಡು, ‘ನಿನ್ನ ಅಡುಗೆಗೆಂದೇ ಅಮ್ಮ ಹೊಸ ಬಾಣಲೆ ತಂದಿದ್ದರು, ನಮ್ಮ ಪಾತ್ರೆಯಲ್ಲಿ ಮಾಡಿದರೆ ಆ ಹುಡುಗಿ ತಿನ್ನುವುದಿಲ್ಲ ಎನ್ನುತ್ತಿದ್ದರು’ ಎಂದರು. ಅವರ ಹಳೆಯ ಬೈಬಲ್, ಭಾಷೆ ಕಳೆದುಕೊಂಡ ಕಥೆ, ಎಲ್ಲವೂ ನನಗೆ ಗೊತ್ತಾದದ್ದು ಆ ಮಗಳಿಂದಲೇ, ಅವತ್ತೇ. ಆಲೂಗೆಡ್ಡೆ ಸುಲಿಯುವಾಗ ಈಗಲೂ ಆ ಬಾಣಲೆ ನೆನಪಾಗುತ್ತದೆ.

ಹೋಗು, ತಂಗಿ. ಕುಡಿಯಲೇಬೇಕೆಂದು ಇಲ್ಲಿ ಯಾರೂ ಬಲವಂತ ಮಾಡುವುದಿಲ್ಲ. ಒಂಟಾರಿಯೋದಲ್ಲಿ ಹತ್ತೊಂಬತ್ತು ತುಂಬದವರಿಗೆ ಕೊಡುವಂತೆಯೂ ಇಲ್ಲ. ರಾತ್ರಿಯ ಸಭಾಂಗಣಗಳಲ್ಲಿ ಗದ್ದಲ ಜಾಸ್ತಿ, ಗೆಳತಿಯರಿಲ್ಲದೆ ಹೋಗಬೇಡ. ವಾಪಸ್ ಬರುವಾಗ ಕುಡಿದವರು ಓಡಿಸುವ ಕಾರಿಗೆ ಹತ್ತಬೇಡ, ಅವರು ಎಷ್ಟೇ ಹತ್ತಿರದವರಾಗಲಿ, ಒಂದೇ ಲೋಟ ಎನ್ನಲಿ. ತಿನ್ನಲು ಉಪ್ಪಿನ ಪ್ರೆಟ್ಜೆಲ್ ಸಿಗುತ್ತದೆ. ಉಳಿದದ್ದಕ್ಕೆ ಏನು ಹಾಕಿದ್ದೀರಿ ಎಂದು ಕೇಳು, ಕೇಳಿದರೆ ಸಂತೋಷದಿಂದಲೇ ಹೇಳುತ್ತಾರೆ.

ಆದರೆ ನಿನಗೆ ಮೊದಲು ತೋರಿಸಬೇಕಾದದ್ದು ಮೆರವಣಿಗೆ. ಥ್ಯಾಂಕ್ಸ್‌ಗಿವಿಂಗ್, ಅಂದರೆ ಅಕ್ಟೋಬರಿನ ಎರಡನೇ ಸೋಮವಾರ, ಬೆಳಿಗ್ಗೆ ಕಿಂಗ್ ಸ್ಟ್ರೀಟಿನಲ್ಲಿ ಬರುತ್ತದೆ. ಬ್ಯಾಂಡುಗಳು, ಸ್ತಬ್ಧಚಿತ್ರಗಳು, ಕಂಬಳಿ ಹೊದ್ದು ರಸ್ತೆಯಂಚಿನಲ್ಲಿ ಕುಳಿತ ಮಕ್ಕಳು. ಆನೆಯಿಲ್ಲ, ಅಂಬಾರಿಯಿಲ್ಲ. ಸಯ್ಯಾಜಿರಾವ್ ರಸ್ತೆಯಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ನೋಡಿದವಳಿಗೆ ಮೊದಲ ಐದು ನಿಮಿಷ ಗಂಟಲು ಕಟ್ಟುತ್ತದೆ, ಆಮೇಲೆ ಸರಿಹೋಗುತ್ತದೆ. ಅಮ್ಮನಿಗೆ ವಿಡಿಯೊ ಕರೆ ಮಾಡಿ ತೋರಿಸು, ಅಲ್ಲಿ ಆಗ ಸಂಜೆಯಾಗಿರುತ್ತದೆ.

ನಾನು ಎಂಟಕ್ಕೆಲ್ಲ ಹೋಗಿ ಜಾಗ ಹಿಡಿಯುತ್ತೇನೆ. ಮಡಚುವ ಕುರ್ಚಿ ಎರಡಿವೆ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ. ಅಜ್ಜಿಯ ಮಗಳೂ ಬರುತ್ತಾರೆ, ಚಿತ್ರಾನ್ನವೆಂದರೆ ಅವರಿಗೆ ಬಲು ಇಷ್ಟ. ನಿನಗೂ ಸೇರಿಸಿಯೇ ಕಲಸುತ್ತೇನೆ. ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಬಾ.