ಟಂಗ್‌ಸ್ಟನ್ ಕಡ್ಡಿ ಗುಂಡಾಗ್ತಿದೆ, ಕಪ್ಪಾಗ್ತಿದೆ: ಬಣ್ಣ ಬದಲಿಸೋ ಮೊದಲು ನೋಡಬೇಕಾದ್ದು

ಚನ್ನಗಿರಿ ಕಡೆಯ ಅಣ್ಣ ಕೇಳಿದ್ದಕ್ಕೆ ಉತ್ತರ, ಸ್ವಲ್ಪ ಉದ್ದ ಆಗುತ್ತೆ. ಅವರು ಬರೆದಿದ್ದು ಇಷ್ಟು: ಹೊಸ 200 ಆಂಪ್ಸ್ ಡಿಸಿ ಇನ್ವರ್ಟರ್ ಟಿಗ್ ಮಷಿನ್ (ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್ ಅಂದರೆ ವಿದ್ಯುತ್ ಕಿಡಿ ಹತ್ತಿಸಿ, ಗ್ಯಾಸ್ ಮರೆಯಲ್ಲಿ ಬೆಸೆಯೋದು), ಡಬ್ಲ್ಯೂಪಿ 26 ಟಾರ್ಚ್ (ಕಡ್ಡಿ ಕೂರಿಸೋ ಹಿಡಿ), ಲಿಫ್ಟ್ ಸ್ಟಾರ್ಟ್ (ಮುಟ್ಟಿಸಿ ಎತ್ತಿ ಆರ್ಕ್ ಹತ್ತಿಸೋದು). ಅಡಿಕೆ ಬೇಯಿಸೋ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಹಂಡೆಯ ತಳದ ಜಾಯಿಂಟ್ ಸೋರುತ್ತಿದೆ, ತಗಡು 16 ಗೇಜ್. ಮಷಿನ್ ಜೊತೆ ಬಂದ ಕೆಂಪು ಕಡ್ಡಿ (ಯಾವ ಬಗೆ ಅನ್ನೋದು ತುದಿಯ ಬಣ್ಣ ಹೇಳುತ್ತೆ) ಹಚ್ಚಿದ ಕೂಡಲೇ ಗುಂಡಾಯ್ತು. ಅಂಗಡಿಯವರು "ಹಸಿರು ಎಲ್ಲದಕ್ಕೂ ಆಗುತ್ತೆ" ಅಂತ ಕೊಟ್ಟಿದ್ದು ಇನ್ನೂ ಬೇಗ ಹೋಯ್ತು. ಕೆಳಗೆ ಕಾಮೆಂಟ್‌ನಲ್ಲಿ ಇಬ್ಬರು ಗೋಲ್ಡ್ ತಗೊಳ್ಳಿ ಅಂದಿದ್ದಾರೆ, ಒಬ್ಬರು ಬೂದು ಅಂದಿದ್ದಾರೆ.

ಈ ಹಂತದಲ್ಲಿ ಯಾವ ಬಣ್ಣ ತಂದರೂ ಅದೇ ಗತಿ. ಕೆಂಪು ಕಡ್ಡಿ ಡಿಸಿಯಲ್ಲಿ ಗಟ್ಟಿ ಬಾಳುವ ಕಡ್ಡಿ. ಅದು ಮೊದಲ ಕ್ಷಣದಲ್ಲೇ ಗುಂಡಾಗಿದೆ ಅಂದರೆ ಟಾರ್ಚ್ ಪ್ಲಸ್‌ನಲ್ಲಿದೆ ಅನ್ನೋ ಅನುಮಾನ ಮೊದಲು. ರಾಡ್ ವೆಲ್ಡಿಂಗ್ ಮಾಡಿ ಅಭ್ಯಾಸ ಇರೋರು ಹೋಲ್ಡರ್ ಪ್ಲಸ್‌ಗೆ, ಅರ್ತಿಂಗ್ ಮೈನಸ್‌ಗೆ ಹಾಕಿರ್ತಾರೆ. ಅದೇ ಸಾಕೆಟ್‌ಗೆ ಟಿಗ್ ಟಾರ್ಚ್ ಚುಚ್ಚಿದರೆ ಕೆಲಸ ಕೆಟ್ಟಿತು. ಟಾರ್ಚ್ ಮೈನಸ್‌ನಲ್ಲಿದ್ದಾಗ ಆರ್ಕ್‌ನ ಶಾಖದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ತಗಡಿಗೆ ಹೋಗುತ್ತೆ, ಉಳಿದದ್ದು ಕಡ್ಡಿಗೆ. ಪ್ಲಸ್‌ಗೆ ಹಾಕಿದರೆ ಲೆಕ್ಕ ಉಲ್ಟಾ. ಟಂಗ್‌ಸ್ಟನ್ ಕರಗೋದು 3400 ಡಿಗ್ರಿ ದಾಟಿದ ಮೇಲೆ, ಆದರೂ ಪ್ಲಸ್‌ನಲ್ಲಿ 1.6 ಎಂಎಂ ಕಡ್ಡಿ 30-40 ಆಂಪ್ಸ್‌ಗೂ ತಡೆಯಲ್ಲ. ಟಾರ್ಚ್ ಮೈನಸ್, ಅರ್ತಿಂಗ್ ಕ್ಲಾಂಪ್ ಪ್ಲಸ್. ಮೊದಲು ಇದನ್ನ ನೋಡ್ರಿ.

ಎರಡನೇದು ಗ್ಯಾಸ್. ಸಿಲಿಂಡರ್ ಮೇಲೆ ಏನು ಬರೆದಿದೆ ಓದಿ. ಮಿಗ್ (ತಂತಿ ತಾನಾಗಿ ಬರೋ ವೆಲ್ಡಿಂಗ್) ಮಾಡೋರು ಆರ್ಗಾನ್ ಜೊತೆ ಸಿಓ2 ಸೇರಿದ ಮಿಕ್ಸ್ ಗ್ಯಾಸ್ ಬಳಸ್ತಾರೆ. ಫ್ಯಾಬ್ರಿಕೇಶನ್ ಶೆಡ್‌ನಿಂದ ಕೈಬದಲಾಗಿ ಬಂದ ಸಿಲಿಂಡರ್ ಆದರೆ ಅದೇ ಇರಬಹುದು. ಆ ಗ್ಯಾಸ್‌ನಲ್ಲಿ ಬಿಸಿ ಟಂಗ್‌ಸ್ಟನ್ ಸುಟ್ಟು ಸವೆಯುತ್ತೆ, ಕಪ್ (ಟಾರ್ಚ್ ಬಾಯಿಯ ಪಿಂಗಾಣಿ ಮೂತಿ) ಒಳಗೆ ಹಳದಿ ಪುಡಿ ಕೂರುತ್ತೆ. ಬರೀ ಆರ್ಗಾನ್ ಬೇಕು, ಶುದ್ಧತೆ 99.99ಕ್ಕಿಂತ ಕಡಿಮೆ ಬೇಡ. 6 ಅಥವಾ 7 ನಂಬರ್ ಕಪ್‌ಗೆ ನಿಮಿಷಕ್ಕೆ 7ರಿಂದ 9 ಲೀಟರ್ ಸಾಕು. ಏಳು ಘನ ಮೀಟರ್ ಸಿಲಿಂಡರ್ 8 ಲೀಟರ್ ಲೆಕ್ಕದಲ್ಲಿ ಹದಿನಾಲ್ಕು ಗಂಟೆಗೂ ಹೆಚ್ಚು ಓಡುತ್ತೆ, ಹಾಗಾಗಿ ಉಳಿಸೋಕೆ ಅಂತ 4ಕ್ಕೆ ಇಳಿಸೋದು ಬೇಡ. 15-20ಕ್ಕೆ ಏರಿಸೋದೂ ತಪ್ಪೇ: ಗ್ಯಾಸ್ ಸುಳಿ ಸುತ್ತಿ ಅಕ್ಕಪಕ್ಕದ ಗಾಳಿಯನ್ನೇ ಒಳಗೆ ಎಳೆಯುತ್ತೆ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸೋ ಗಾಳಿಯಲ್ಲಿ ಬಯಲಲ್ಲಿ ಕೂತು ಟಿಗ್ ಮಾಡ್ತೀನಿ ಅಂದರೆ ಯಾವ ಫ್ಲೋನೂ ಕಾಪಾಡಲ್ಲ. ಮೂರು ಕಡೆ ತಗಡು ನಿಲ್ಲಿಸಿ, ಶೆಡ್ ಒಳಗಾದರೆ ಫ್ಯಾನ್ ಆಫ್ ಮಾಡಿ. ಪೈಪ್ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ಟಾರ್ಚ್ ಹಿಂದಿನ ಬ್ಯಾಕ್ ಕ್ಯಾಪ್‌ನ ಓ-ರಿಂಗ್ ಹರಿದಿದ್ದರೂ ಗಾಳಿ ಒಳಗೆ ಬರುತ್ತೆ; ಇದು ಕಣ್ಣಿಗೆ ಬೀಳೋದೇ ಇಲ್ಲ.

ಇವೆರಡೂ ಸರಿ ಇದ್ದ ಮೇಲೆ ಬಣ್ಣದ ಮಾತು.

ಹಸಿರು ಅಂದರೆ ಏನೂ ಬೆರೆಸದ ಶುದ್ಧ ಟಂಗ್‌ಸ್ಟನ್. ಹಳೇ ಟ್ರಾನ್ಸ್‌ಫಾರ್ಮರ್ ಎಸಿ ಮಷಿನ್‌ನಲ್ಲಿ ಅಲ್ಯುಮಿನಿಯಂಗೆ ಅಂತ ಬಂದಿದ್ದು. ಡಿಸಿಯಲ್ಲಿ ಆರ್ಕ್ ಹತ್ತೋದು ಕಷ್ಟ, ಹತ್ತಿದರೂ ಅಲೆದಾಡುತ್ತೆ, ಮೊನೆ ನಿಲ್ಲಲ್ಲ. ಇನ್ವರ್ಟರ್ ಮಷಿನ್ ಇದ್ದೋರು ಹಸಿರನ್ನ ಮರೆತುಬಿಡಿ, ಎಸಿಗೂ ಬೇಡ. ಕೆಂಪು ಅಂದರೆ ಡಬ್ಲ್ಯೂಟಿ 20, ಸುಮಾರು ಶೇ. 2 ಥೋರಿಯಂ ಆಕ್ಸೈಡ್. ಬೂದು ಡಬ್ಲ್ಯೂಸಿ 20, ಸೀರಿಯಂ. ಕಡಿಮೆ ಆಂಪ್ಸ್‌ನಲ್ಲಿ ಚೆನ್ನಾಗಿ ಹತ್ತುತ್ತೆ, ತೆಳು ತಗಡಿಗೆ ಒಳ್ಳೇದು, ಜಾಸ್ತಿ ಆಂಪ್ಸ್‌ಗೆ ಅಷ್ಟು ಬಾಳಲ್ಲ. ಗೋಲ್ಡ್ ಅಂದರೆ ಡಬ್ಲ್ಯೂಎಲ್ 15, ಆಕಾಶನೀಲಿ ಡಬ್ಲ್ಯೂಎಲ್ 20. ಎರಡರಲ್ಲೂ ಲ್ಯಾಂಥನಂ ಆಕ್ಸೈಡ್, ಒಂದರಲ್ಲಿ ಶೇ. 1.5, ಇನ್ನೊಂದರಲ್ಲಿ ಶೇ. 2. ಬಿಳಿ ಜಿರ್ಕೋನಿಯಂ, ಅದು ಎಸಿಗೆ ಮಾತ್ರ. ಈ ಆಕ್ಸೈಡ್‌ಗಳ ಕೆಲಸ ಒಂದೇ: ಕಡಿಮೆ ಶಾಖದಲ್ಲೇ ಎಲೆಕ್ಟ್ರಾನ್ ಸಲೀಸಾಗಿ ಹೊರಡೋ ಹಾಗೆ ಮಾಡೋದು. ಮೊನೆ ತಂಪಾಗಿರುತ್ತೆ, ಆಕಾರ ಉಳಿಯುತ್ತೆ.

ಒಂದೇ ಡಬ್ಬಿ ಇಟ್ಕೋಬೇಕು ಅಂದರೆ ನನ್ನ ಆಯ್ಕೆ ಆಕಾಶನೀಲಿ. ಎಂಎಸ್ (ಮಾಮೂಲಿ ಕಬ್ಬಿಣ), ಎಸ್‌ಎಸ್, ಮುಂದೆ ಎಸಿ ಮಷಿನ್ ಬಂದರೆ ಅಲ್ಯುಮಿನಿಯಂ, ಎಲ್ಲಕ್ಕೂ ನಡೆಯುತ್ತೆ. ಗೋಲ್ಡ್ ಅಂದೋರು ತಪ್ಪು ಹೇಳಿಲ್ಲ, ಹೆಚ್ಚು ಕಡಿಮೆ ಅದೇ. ಕೆಂಪು ಉಳಿದಿದ್ದರೆ ಬಿಸಾಡಬೇಕಿಲ್ಲ, ಆದರೆ ಥೋರಿಯಂ ವಿಕಿರಣ ಇರೋ ವಸ್ತು. ಕೈಯಲ್ಲಿ ಹಿಡಿದರೆ, ವೆಲ್ಡಿಂಗ್ ಮಾಡಿದರೆ ಭಯಪಡೋ ಅಷ್ಟಿಲ್ಲ; ಸಾಣೆ ಹಿಡಿಯುವಾಗ ಏಳೋ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಕರ್ಚೀಫ್ ಕಟ್ಟೋದು ಮಾಸ್ಕ್ ಅಲ್ಲ. ಎನ್95 ಮಾಸ್ಕ್ ಹಾಕಿ, ಧೂಳನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೀರಿ, ಪೊರಕೆಯಲ್ಲಿ ಗುಡಿಸಬೇಡಿ. ಮನೆ ಅಂಗಳದಲ್ಲಿ ಮಕ್ಕಳು ಓಡಾಡೋ ಕಡೆ ಕೆಂಪು ಕಡ್ಡಿ ಉಜ್ಜೋದಂತೂ ಬೇಡವೇ ಬೇಡ.

ದಪ್ಪದ ವಿಷಯ. ಡಿಸಿ ಮೈನಸ್‌ನಲ್ಲಿ 1.6 ಎಂಎಂ ಕಡ್ಡಿ ಸುಮಾರು 150 ಆಂಪ್ಸ್ ತನಕ, 2.4 ಎಂಎಂ ಸುಮಾರು 250 ತನಕ ತಡೆಯುತ್ತೆ. 16 ಗೇಜ್ ಅಂದರೆ 1.6 ಎಂಎಂ ತಗಡು, ಎಸ್‌ಎಸ್ ಆದ್ದರಿಂದ 50-60 ಆಂಪ್ಸ್‌ನಲ್ಲಿ ಶುರು ಮಾಡಿ. ಅದಕ್ಕೆ 1.6 ಕಡ್ಡಿಯೇ ಸರಿ. ದಪ್ಪ ಕಡ್ಡಿ ಹಾಕಿ ಆಂಪ್ಸ್ ಕಡಿಮೆ ಇಟ್ಟರೆ ಮೊನೆ ಸಾಕಷ್ಟು ಬಿಸಿಯಾಗಲ್ಲ, ಆರ್ಕ್ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹಾರುತ್ತೆ. ಕಡ್ಡಿಯ ದಪ್ಪ ಬದಲಿಸಿದಾಗ ಕಾಲೆಟ್ (ಕಡ್ಡಿಯನ್ನ ಬಿಗಿಹಿಡಿಯೋ ಕೊಳವೆ), ಅದು ಕೂರೋ ಕಾಲೆಟ್ ಬಾಡಿ ಎರಡೂ ಬದಲಿಸಬೇಕು. ನಿಮ್ಮ ಟಾರ್ಚ್‌ಗೆ 1.6ಕ್ಕೆ 10ಎನ್23 ಮತ್ತು 10ಎನ್31, 2.4ಕ್ಕೆ 10ಎನ್24 ಮತ್ತು 10ಎನ್32. ಡಬ್ಲ್ಯೂಪಿ 17, 18, 26 ಮೂರಕ್ಕೂ ಇವೇ ಆಗುತ್ತೆ. ಡಬ್ಲ್ಯೂಪಿ 9 ಟಾರ್ಚ್‌ನ ಸಾಮಾನು ಬೇರೆ, ಕೂರಲ್ಲ. ಕಾಲೆಟ್ ಸಡಿಲ ಇದ್ದರೆ ಕಡ್ಡಿಗೂ ಕಾಲೆಟ್‌ಗೂ ನಡುವೆಯೇ ಕಿಡಿ ಹಾರಿ ಎರಡೂ ಅಂಟಿಕೊಳ್ಳುತ್ತೆ.

ಸಾಣೆ ಹಿಡಿಯೋದ್ರಲ್ಲೇ ಜಾಸ್ತಿ ಜನ ಎಡವೋದು. ಕಡ್ಡಿಯನ್ನ ಕಲ್ಲಿಗೆ ಅಡ್ಡ ಹಿಡಿದು ಸುತ್ತಿಸಿದರೆ ಗೀರುಗಳು ಮೊನೆಯ ಸುತ್ತ ಬಳೆ ಹಾಗೆ ಬೀಳುತ್ತವೆ, ಆರ್ಕ್ ಆ ಗೀರುಗಳ ಮೇಲೇ ಅಲೆಯುತ್ತೆ. ಗೀರು ಯಾವಾಗಲೂ ಕಡ್ಡಿಯ ಉದ್ದಕ್ಕೆ ಇರಬೇಕು. ಅಂದರೆ ಕಲ್ಲು ತಿರುಗೋ ದಿಕ್ಕಿಗೆ ಕಡ್ಡಿ ಸಾಲಾಗಿ, ಮೊನೆ ಮೇಲ್ಮುಖ, ಬೆರಳಲ್ಲಿ ನಿಧಾನ ಉರುಳಿಸ್ತಾ. ಇಳಿಜಾರಿನ ಉದ್ದ ಕಡ್ಡಿ ದಪ್ಪದ ಎರಡರಿಂದ ಎರಡೂವರೆ ಪಟ್ಟು, 1.6ಕ್ಕೆ 3.2ರಿಂದ 4 ಎಂಎಂ. ಕೊನೆಯಲ್ಲಿ ಸೂಜಿ ಮೊನೆಯನ್ನ ನೇರ ನಿಲ್ಲಿಸಿ ಒಂದು ಸಲ ಮುಟ್ಟಿಸಿ, ಕಾಲು ಎಂಎಂನಷ್ಟು ಚಪ್ಪಟೆ ಮಾಡಿ. ಸೂಜಿಯಾಗೇ ಬಿಟ್ಟರೆ ಆ ತುಣುಕು ಮುರಿದು ಬೆಸುಗೆ ಒಳಗೆ ಬೀಳುತ್ತೆ. ಉದ್ದ ಚೂಪು ಮಾಡಿದರೆ ಆರ್ಕ್ ಅಗಲ ಹರಡುತ್ತೆ, ಮೇಲೆ ಮೇಲೆ ಕರಗುತ್ತೆ. ಗಿಡ್ಡ ಮೊಂಡು ಮಾಡಿದರೆ ಆರ್ಕ್ ಒಟ್ಟಾಗಿ ಆಳಕ್ಕೆ ಇಳಿಯುತ್ತೆ. ಬಹಳ ಜನ ಇದನ್ನ ಉಲ್ಟಾ ಅಂದುಕೊಂಡಿರ್ತಾರೆ.

ಕಬ್ಬಿಣ ಉಜ್ಜಿದ ಕಲ್ಲಲ್ಲಿ ಟಂಗ್‌ಸ್ಟನ್ ಉಜ್ಜಬೇಡಿ, ಕಲ್ಲಲ್ಲಿ ಸಿಕ್ಕಿದ್ದೆಲ್ಲಾ ಮೊನೆಗೆ ಮೆತ್ತುತ್ತೆ. 120 ಗ್ರಿಟ್ ಅಥವಾ ಅದಕ್ಕಿಂತ ನಯವಾದ ಒಂದು ಕಲ್ಲು, ಇಲ್ಲ ಡೈಮಂಡ್ ಡಿಸ್ಕ್, ಇದಕ್ಕೇ ಅಂತ ಬೇರೆ ಇಡಿ. ಬಣ್ಣ ಹಚ್ಚಿದ ತುದಿಯನ್ನ ಉಜ್ಜಬೇಡಿ. ಆಮೇಲೆ ಯಾವ ಕಡ್ಡಿ ಅಂತ ಗೊತ್ತಾಗಲ್ಲ. ಕೊಳಕಾದ ಮೊನೆಯನ್ನ ಇಕ್ಕಳದಲ್ಲಿ ಚಟ್ ಅಂತ ಮುರಿಯೋದೂ ಬೇಡ, ಟಂಗ್‌ಸ್ಟನ್ ಉದ್ದಕ್ಕೆ ಸೀಳಿಕೊಳ್ಳುತ್ತೆ, ಬಿರುಕು ಕಣ್ಣಿಗೆ ಕಾಣಲ್ಲ. ಸುತ್ತ ಡಿಸ್ಕ್‌ನಲ್ಲಿ ಗೆರೆ ಹಾಕಿಕೊಂಡು ಕತ್ತರಿಸಿ.

ಟಾರ್ಚ್‌ನಲ್ಲಿ ಕಡ್ಡಿ ಕಪ್‌ನಿಂದ 5-6 ಎಂಎಂ ಹೊರಗೆ ಇರಲಿ. ಮೂಲೆ ಸಿಗ್ತಿಲ್ಲ ಅಂತ 12-15 ಎಂಎಂ ಚಾಚಬೇಕಾದರೆ ಗ್ಯಾಸ್ ಲೆನ್ಸ್ (ಜಾಲರಿ ಮೂಲಕ ಗ್ಯಾಸನ್ನ ನೇರ ಬಿಡೋ ಬಾಡಿ) ಹಾಕಿ, ಮಾಮೂಲಿ ಬಾಡಿಯಲ್ಲಿ ಗ್ಯಾಸ್ ಅಲ್ಲಿ ತನಕ ನಿಲ್ಲಲ್ಲ. ಲಿಫ್ಟ್ ಸ್ಟಾರ್ಟ್ ಅಂದರೆ ಬೆಂಕಿಕಡ್ಡಿ ಗೀರಿದ ಹಾಗೆ ಅಲ್ಲ: ಮೆಲ್ಲಗೆ ಮುಟ್ಟಿಸಿ, ನೇರ 2 ಎಂಎಂ ಎತ್ತಿ. ಗೀರಿದರೆ ಮೊನೆ ಒಡೆಯುತ್ತೆ. ಆರ್ಕ್ ಉದ್ದ ಕಡ್ಡಿಯ ದಪ್ಪದಷ್ಟೇ ಇರಲಿ. ನಿಲ್ಲಿಸಿದ ಮೇಲೆ ಟಾರ್ಚ್ ಎತ್ತಬೇಡಿ, ಪ್ರತಿ 10 ಆಂಪ್ಸ್‌ಗೆ ಒಂದು ಸೆಕೆಂಡ್ ಲೆಕ್ಕದಲ್ಲಿ, ಎಷ್ಟೇ ಕಡಿಮೆ ಆಂಪ್ಸ್ ಇದ್ದರೂ 8 ಸೆಕೆಂಡ್, ಗ್ಯಾಸ್ ಹರಿಯಲಿ. ನಿಮ್ಮ ಟಾರ್ಚ್ ಹಿಡಿಯಲ್ಲೇ ಗ್ಯಾಸ್ ವಾಲ್ವ್ ಇದ್ದರೆ ಈ ಪೋಸ್ಟ್ ಫ್ಲೋ ಮಷಿನ್ ಮಾಡಲ್ಲ, ನೀವೇ ಕಾದು ವಾಲ್ವ್ ಮುಚ್ಚಬೇಕು.

ಆಮೇಲೆ ಮೊನೆ ನೋಡಿ. ಬೆಳ್ಳಗೆ ಹೊಳೀತಿದ್ದರೆ ಎಲ್ಲಾ ಸರಿ. ನೀಲಿ, ನೇರಳೆ ಆಗಿದ್ದರೆ ಗ್ಯಾಸ್ ಬೇಗ ನಿಂತಿದೆ. ಕಪ್ಪಗಾಗಿ ಪುಡಿ ಉದುರಿ ಸವೆದಿದ್ದರೆ ವೆಲ್ಡಿಂಗ್ ನಡೀತಿರುವಾಗಲೇ ಗಾಳಿ ಸೇರಿದೆ. ಹೊಳೆಯೋ ಗುಂಡು, ಕಡ್ಡಿಗಿಂತ ದಪ್ಪ ಆಗಿದ್ದರೆ ಪೋಲಾರಿಟಿ (ಪ್ಲಸ್-ಮೈನಸ್) ಉಲ್ಟಾ ಅಥವಾ ಆಂಪ್ಸ್ ಜಾಸ್ತಿ. ಒಂದು ಪಕ್ಕಕ್ಕೆ ಗಂಟು ಕಟ್ಟಿದ್ದರೆ ಕರಗಿದ ಲೋಹಕ್ಕೋ ಫಿಲ್ಲರ್‌ಗೋ (ಬೆಸುಗೆಗೆ ತುಂಬೋ ತಂತಿ) ತಾಗಿದೆ. ಹಾಗೇ ಮುಂದುವರಿಸಬೇಡಿ, ನಿಲ್ಲಿಸಿ ಕತ್ತರಿಸಿ ಹೊಸದಾಗಿ ಉಜ್ಜಿ.

ಹಂಡೆಯ ವಿಷಯ ಬೇರೆಯಾಗೇ ಹೇಳಬೇಕು. ಒಳಗೆ ಅಡಿಕೆ ಚೊಗರು (ಅಡಿಕೆ ಬೇಯಿಸಿದ ರಸ) ಜಾಯಿಂಟ್ ಸಂದಿಯಲ್ಲಿ ಕರೀ ಪೊರೆ ಕಟ್ಟಿರುತ್ತೆ, ಹೊರಗೆ ಒಲೆಯ ಮಸಿ. ಅದರ ಮೇಲೆ ಆರ್ಕ್ ಹಚ್ಚಿದರೆ ಹೊಗೆ ಎದ್ದು ಮೊನೆ ಕಪ್ಪಾಗುತ್ತೆ, ಬೆಸುಗೆ ತೂತು ತೂತು ಬರುತ್ತೆ, ನೀವು ಕಡ್ಡಿಯನ್ನ ಬೈತಾ ಕೂರ್ತೀರಿ. ಎರಡೂ ಕಡೆ ಒಂದೊಂದು ಇಂಚು ಅಗಲ ಹೊಳೆಯೋ ಹಾಗೆ ಉಜ್ಜಿ, ಎಸ್‌ಎಸ್ ಬ್ರಷ್‌ನಲ್ಲೇ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ ಒಣಗಿಸಿ. ಬಾಟಲಿಯನ್ನ ದೂರ ಇಟ್ಟ ಮೇಲೇ ಆರ್ಕ್ ಹಚ್ಚಿ. ಬ್ರೇಕ್ ಕ್ಲೀನರ್ ಸ್ಪ್ರೇ ಬಳಸಬೇಡಿ. ಕ್ಲೋರಿನ್ ಇರೋ ದ್ರಾವಣ ಆರ್ಕ್ ಹತ್ತಿರ ವಿಷಗಾಳಿ ಆಗುತ್ತೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದಕ್ಕೆ ಓಡಲ್ಲ, ಆ ತೂತನ್ನೂ ಕೊನೆಗೆ ತುಂಬಿ. ಹಂಡೆ 304 ಗ್ರೇಡ್ ಎಸ್‌ಎಸ್ ಆದರೆ ಫಿಲ್ಲರ್ ಇಆರ್ 308ಎಲ್, 1.6 ಎಂಎಂ. ತಳಕ್ಕೆ ಎಂಎಸ್ ರಿಂಗ್ ಕೂಡಿಸಿದ್ದರೆ ಆ ಜಾಯಿಂಟ್‌ಗೆ 309ಎಲ್. ಹಿಂಬದಿಗೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ತೂತು ಬೀಳಲ್ಲ, ಹಿಂಬದಿ ಸುಡೋದೂ ಕಡಿಮೆ.

ಇನ್ನೊಬ್ಬರು ಇದೇ ಮಷಿನ್‌ನಲ್ಲಿ ಅಲ್ಯುಮಿನಿಯಂ ದೋಟಿ (ಗೊನೆ ಕೊಯ್ಯೋ ಉದ್ದ ಕೋಲು) ಜೋಡಿಸಬಹುದಾ ಅಂತ ಕೇಳಿದ್ದಾರೆ. ಬರೀ ಡಿಸಿ ಮಷಿನ್‌ನಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. ಅಲ್ಯುಮಿನಿಯಂ ಮೇಲಿನ ಆಕ್ಸೈಡ್ ಪೊರೆ ಒಡೆಯೋಕೆ ಎಸಿ ಬೇಕು. ಎಸಿ ಮಷಿನ್ ಇದ್ದೋರ ಹತ್ತಿರ ಮಾಡಿಸುವಾಗ 2.4 ಆಕಾಶನೀಲಿ, ಬ್ಯಾಲೆನ್ಸ್ (ಎಸಿಯಲ್ಲಿ ಕಡ್ಡಿ ಮೈನಸ್ ಆಗಿರೋ ಪಾಲು) ಶೇ. 70, 80-100 ಹರ್ಟ್ಸ್, ಫಿಲ್ಲರ್ 4043 ಅಥವಾ 5356. ಆದರೂ ಬೆಸುಗೆ ಪಕ್ಕದ ಲೋಹ ಶಾಖಕ್ಕೆ ಮೆತ್ತಗಾಗುತ್ತೆ, ಗೊನೆ ಭಾರಕ್ಕೆ ಅಲ್ಲೇ ಬಾಗುತ್ತೆ. ಒಳಗೆ ಒಂದು ಅಡಿ ಉದ್ದದ ಪೈಪ್ ತೂರಿಸಿ ಅದರ ಮೇಲೆ ಬೆಸುಗೆ ಹಾಕಿಸಿ.

ಪೋಲಾರಿಟಿ ಬದಲಿಸಿ, ಕೆಂಪು ಕಡ್ಡಿಯನ್ನೇ ಹೊಸದಾಗಿ ಉಜ್ಜಿ, ಬೇರೆ ಎಸ್‌ಎಸ್ ಚೂರಿನ ಮೇಲೆ 50 ಆಂಪ್ಸ್‌ನಲ್ಲಿ ಎರಡಿಂಚು ಎಳೀರಿ. ಆಗಲೂ ಕಡ್ಡಿ ಕೆಟ್ಟರೆ ಮೊನೆಯನ್ನ ಟಾರ್ಚ್‌ನಿಂದ ಹೊರಗೆ ತೆಗೆದು ಬಿಳಿ ಹಾಳೆ ಮೇಲಿಟ್ಟು ಫೋಟೋ ಹಾಕಿ, ಜೊತೆಗೆ ಕಪ್‌ನ ಒಳಭಾಗದ್ದು ಮತ್ತು ಸಿಲಿಂಡರ್ ಲೇಬಲ್‌ದು ಒಂದೊಂದು.