ಹೂಗಿಡದ ಪ್ರಶ್ನೆ: ಮೊಳೆಯದ ಡೇರೆ, ಕಾಣೆಯಾಗುವ ದಾಸವಾಳ

ಪ್ರಶ್ನೆ: ನನ್ನ ತವರು ಸಾಗರದ ಹತ್ತಿರದ ಹಳ್ಳಿ. ಅಮ್ಮ ಕೊಟ್ಟ ಡೇರೆ (ಡೇಲಿಯಾ) ಗೆಡ್ಡೆಗಳನ್ನು ಇಲ್ಲಿನ ತಾರಸಿಯಲ್ಲಿ ಕುಂಡಕ್ಕೆ ನೆಟ್ಟು ದಿನಾ ನೀರು ಹಾಕಿದೆ. ಕೆಲವು ಕೊಳೆತವು. ಉಳಿದವು ಗುಂಡುಗುಂಡಾಗಿಯೇ ಇವೆ, ಆದರೆ ಮೊಳೆಯುತ್ತಿಲ್ಲ. ಡೇರೆಗೆ ಮಲೆನಾಡೇ ಆಗಬೇಕಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆಗಬೇಕೆಂದೇನೂ ಇಲ್ಲ. ಡೇರೆ ಮೂಲದಲ್ಲಿ ಮೆಕ್ಸಿಕೋದ ಗುಡ್ಡಗಾಡಿನದು. ಅಲ್ಲಿನ ರಾಷ್ಟ್ರೀಯ ಹೂವೂ ಅದೇ. ಹಗಲು ಬಿಸಿಲು, ರಾತ್ರಿ ತಂಪು ಸಿಕ್ಕರೆ ಅದಕ್ಕೆ ಸಾಕು. ಬೆಂಗಳೂರಿನಲ್ಲಿ ಎರಡಕ್ಕೂ ಕೊರತೆ ಇಲ್ಲ.

ಕೊಳೆತದ್ದು ನಿಮ್ಮ ನೀರಿನಿಂದ. ಬೇರು ಬರುವ ತನಕ ಗೆಡ್ಡೆ ನೀರು ಕುಡಿಯುವುದಿಲ್ಲ, ಸುಮ್ನೆ ನೆನೆಯುತ್ತಾ ಕೂರುತ್ತದೆ. ಮಣ್ಣು ಸ್ವಲ್ಪ ಪಸೆ ಇದ್ದರೆ ಸಾಕು. ಚಿಗುರು ಮೇಲೆ ಕಂಡ ಮೇಲೆ ನೀರು ಶುರು ಮಾಡಿ.

ಮೊಳೆಯದಿರುವುದಕ್ಕೆ ಕಾರಣ ಬೇರೆ. ಆಲೂಗಡ್ಡೆಗೆ ಮೈತುಂಬ ಕಣ್ಣು. ಡೇರೆಗೆ ಹಾಗಲ್ಲ. ಗೆಡ್ಡೆಯ ಕುತ್ತಿಗೆ ಹಳೆ ಕಾಂಡಕ್ಕೆ ಸೇರುವ ಜಾಗದಲ್ಲಿ ಮಾತ್ರ ಕಣ್ಣಿರುತ್ತದೆ. ಆ ಕುತ್ತಿಗೆ ಮುರಿದು ಹೋಯಿತೋ, ಗೆಡ್ಡೆ ಎಷ್ಟು ದಪ್ಪ ಇದ್ದರೂ ಅದರಿಂದ ಗಿಡ ಬರುವುದಿಲ್ಲ. ಚೀಲಕ್ಕೆ ತುಂಬಿ ಬಸ್ಸಿನಲ್ಲಿ ತಂದಿದ್ದೀರಿ ಅಲ್ವಾ? ಅಲ್ಲೇ ಮುರಿದಿರಬೇಕು.

ಈ ಸಲ ಅಮ್ಮನಿಗೆ ಹೇಳಿ. ಹೂವೆಲ್ಲ ಮುಗಿದು ಗಿಡ ಒಣಗಿದ ಮೇಲೆ ಒಂದು ಗೇಣು ಕಾಂಡ ಬಿಟ್ಟು ಕತ್ತರಿಸಿ, ಗೊಂಚಲನ್ನು ಇಡಿಯಾಗಿ ಎಬ್ಬಿಸಲಿ. ನೆರಳಲ್ಲಿ ಆರಿಸಿ ಒಣ ಮರಳಿನಲ್ಲಿ ಇಡಲಿ. ರೋಹಿಣಿ ಮಳೆ ಹೊತ್ತಿಗೆ ಕಣ್ಣು ಉಬ್ಬಿ ಕೆಂಪಗೆ ಕಾಣುತ್ತದೆ. ಆಗ ಪ್ರತಿ ತುಂಡಿಗೂ ಒಂದು ಕಣ್ಣು ಬರುವ ಹಾಗೆ ಸೀಳಿ, ಗಾಯಕ್ಕೆ ಬೂದಿ ಹಚ್ಚಿ ನೆಡಬೇಕು. ಆಸರೆಯ ಕೋಲನ್ನು ಗೆಡ್ಡೆಯ ಜೊತೆಗೇ ಊರಿ. ಆಮೇಲೆ ಊರಲು ಹೋದರೆ ಅದು ನೆಟ್ಟಗೆ ಗೆಡ್ಡೆಗೇ ಚುಚ್ಚುತ್ತದೆ. ಗಿಡ ಮೊಣಕಾಲೆತ್ತರ ಬರುವ ಮೊದಲೇ ತುದಿ ಚಿವುಟಿ. ತಟ್ಟೆಯಗಲದ ಹೂವು ಬೇಕೆಂದರೆ ನಡುಮೊಗ್ಗು ಬಿಟ್ಟು ಅದರ ಆಚೀಚೆಯ ಮೊಗ್ಗು ತೆಗೆಯಬೇಕು. ಮನಸ್ಸು ಬರುವುದಿಲ್ಲ, ಗೊತ್ತು. ಹಾಗಿದ್ದರೆ ಸಣ್ಣ ಹೂವೇ ಇರಲಿ.

ನಮ್ಮ ಶಿರಸಿ, ಸಿದ್ದಾಪುರ, ಸಾಗರದ ಕಡೆ ಡೇರೆ ಗೆಡ್ಡೆಯನ್ನು ದುಡ್ಡು ಕೊಟ್ಟು ತಂದವರು ಕಡಿಮೆ. ಚೌತಿ ಹೊತ್ತಿಗೆ ನೆಂಟರ ಮನೆಗೆ ಹೋದ ಹೆಂಗಸರು ಮೊದಲು ಅಂಗಳ ನೋಡುತ್ತಾರೆ, ಆಸರಿ (ಕುಡಿಯಲು ಕೊಡುವುದು) ಆಮೇಲೆ. ತಮ್ಮಲ್ಲಿ ಇಲ್ಲದ ಬಣ್ಣ ಕಂಡರೆ ಆ ಗಿಡಕ್ಕೆ ಬಟ್ಟೆ ಚೂರು ಕಟ್ಟಿ, 'ಇದರ ಗೆಡ್ಡೆ ನನಗೆ' ಅಂತ ಹೇಳಿಟ್ಟು ಬರುತ್ತಾರೆ. ಗೆಡ್ಡೆಯಿಂದ ಎದ್ದ ಗಿಡಕ್ಕೆ ತಾಯಿಯದೇ ಬಣ್ಣ. ಬೀಜ ಹಾಕಿದರೆ ಯಾವ ಬಣ್ಣ ಬರುತ್ತದೋ ದೇವರೇ ಬಲ್ಲ. ಅದಕ್ಕೇ ಗೆಡ್ಡೆಗೆ ಅಷ್ಟು ಕಟ್ಟಪ್ಪಣೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಜಾಸ್ತಿ ಮಳೆಗೆ ನಿಮ್ಮದು ಕೊಳೆತರೆ, ನೀವು ಕೊಟ್ಟವರ ಮನೆಯಲ್ಲಿ ಅದೇ ಗಿಡ ಇರುತ್ತದೆ. ನಿಮ್ಮ ಪಕ್ಕದ ತಾರಸಿಯವರಿಗೂ ಎರಡು ಕೊಡಿ.

ಪ್ರಶ್ನೆ: ಬ್ರಹ್ಮಕಮಲ ಹಿಮಾಲಯದ ಗಿಡ ಎನ್ನುತ್ತಾರೆ. ನಮ್ಮ ಸೆಕೆಗೆ ಬರುತ್ತದಾ?
– ಓದುಗರೊಬ್ಬರು, ಕುಮಟಾ

ಉತ್ತರ: ಹಿಮಾಲಯದ್ದು ಬೇರೆ, ನಾವು ರಾತ್ರಿ ಕಾದು ಕೂತು ನೋಡುವುದು ಬೇರೆ. ಹಿಮಾಲಯದ್ದು ಸುಮಾರು 4,000 ಮೀಟರ್ ಎತ್ತರದಲ್ಲಿ ಬೆಳೆಯುತ್ತದೆ, ಉತ್ತರಾಖಂಡದ ರಾಜ್ಯ ಪುಷ್ಪ. ತಮಾಷೆ ಏನೆಂದರೆ ಅದು ಸೇವಂತಿಗೆ, ಡೇರೆಗಳ ಕುಟುಂಬದ್ದು. ನಮ್ಮದು ಪಾಪಾಸುಕಳ್ಳಿಯ ನೆಂಟ. ಇದೂ ಮೆಕ್ಸಿಕೋ ಕಡೆಯಿಂದಲೇ ಬಂದದ್ದು. ಎಲೆಯಂತೆ ಕಾಣುವುದು ಅದರ ಚಪ್ಪಟೆ ಕಾಂಡ. ಒಂದು ತುಂಡು ತಂದು ನಾಲ್ಕು ದಿನ ಗಾಯ ಒಣಗಿಸಿ, ಮರಳು ಬೆರೆಸಿದ ಮಣ್ಣಿಗೆ ಊರಿ. ಮರದ ತೆಳು ನೆರಳು ಸಾಕು. ಕುಮಟೆಯಲ್ಲಿ ಚೆನ್ನಾಗಿಯೇ ಬರುತ್ತದೆ.

ಪ್ರಶ್ನೆ: ಬೆಳಿಗ್ಗೆ ವಾಕಿಂಗ್ ಬರುವವರು ಕಾಂಪೌಂಡಿನ ಹೊರಗೆ ಬಾಗಿದ ದಾಸವಾಳವನ್ನೆಲ್ಲ ಕೊಯ್ದುಕೊಂಡು ಹೋಗುತ್ತಾರೆ. ನಮ್ಮ ಪೂಜೆಗೇ ಹೂವಿಲ್ಲ. ಕೇಳಿದರೆ 'ದೇವರಿಗೆ ತಾನೇ' ಎನ್ನುತ್ತಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ನನಗೆ ಜಾಸ್ತಿ ಬರುವ ಪತ್ರಗಳು ಹುಳದ್ದಲ್ಲ, ಇದರದ್ದೇ. ಕದ್ದ ಹೂವಿನ ಪುಣ್ಯ ಗಿಡದವರಿಗೆ ಸೇರುತ್ತದೆ ಎನ್ನುವವರಿದ್ದಾರೆ. ಆ ಮಾತನ್ನು ಕೊಯ್ಯುವವರೇ ಹುಟ್ಟಿಸಿರಬೇಕು ಎಂಬ ಅನುಮಾನ ನನಗೆ. ಕೈಗೆ ಸಿಕ್ಕ ಒಂದೆರಡು ಹೂವಿಗೆ ನಾನು ಜಗಳ ಮಾಡುವುದಿಲ್ಲ. ಕೊಕ್ಕೆ ಕೋಲು, ಪ್ಲಾಸ್ಟಿಕ್ ಕೊಟ್ಟೆ ಹಿಡಿದು ಬರುವವರ ವಿಷಯ ಬೇರೆ. ಅದು ಭಕ್ತಿಯಲ್ಲ, ಬೆಳಗಿನ ಡ್ಯೂಟಿ.

ಒಂದು ಉಪಾಯ ಇದೆ. ಮರುದಿನ ಅರಳುವ ದಾಸವಾಳದ ಮೊಗ್ಗು ಹಿಂದಿನ ಸಂಜೆಯೇ ಉದ್ದಕ್ಕೆ ಬಂದು ಬಣ್ಣ ತೋರಿಸುತ್ತದೆ. ಅದನ್ನು ಸಂಜೆಯೇ ಕೊಯ್ದು ತಟ್ಟೆಯಲ್ಲಿಟ್ಟರೆ ಬೆಳಿಗ್ಗೆ ಮನೆಯೊಳಗೇ ಅರಳುತ್ತದೆ, ನೀರೂ ಬೇಡ. ಹೇಗೂ ಅದು ಒಂದು ದಿನದ ಹೂವು. ಹೊರಗೆ ಬಾಗಿದ ಕೊಂಬೆಗಳನ್ನು ಮಳೆ ಶುರುವಾಗುವಾಗ ಕತ್ತರಿಸಿ. ಆ ಕಡ್ಡಿಗಳನ್ನು ಬಿಸಾಡಬೇಡಿ. ಕಟ್ಟು ಕಟ್ಟಿಟ್ಟುಕೊಂಡು, ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಬಂದವರ ಕೈಗೆ ಒಂದೊಂದು ಕೊಡಿ: 'ದೇವರಿಗೆ ತಾನೇ, ನಿಮ್ಮ ಮನೆಯಲ್ಲೇ ಹಾಕಿ.' ಕೆಲವರು ನಿಜವಾಗಿ ನೆಡುತ್ತಾರೆ. ಉಳಿದವರು ದಾರಿ ಬದಲಿಸುತ್ತಾರೆ. ಎರಡರಲ್ಲೂ ನಿಮಗೆ ಹೂವು ಉಳಿಯಿತು.

ಪ್ರಶ್ನೆ: ನರ್ಸರಿಯಿಂದ ತಂದ ಕೆಂಪು ಗುಲಾಬಿ ಈಗ ಉದ್ದುದ್ದ ಕೊಂಬೆ ಬಿಡುತ್ತಿದೆ, ಹೂವಿಲ್ಲ.
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮದು ಕಸಿ ಗಿಡ. ಬುಡದಲ್ಲಿ ಒಂದು ಗಂಟು ಇರುತ್ತದೆ, ನೋಡಿ. ಅದರ ಕೆಳಗಿನಿಂದ ಎದ್ದದ್ದೆಲ್ಲ ಕಾಡು ಗುಲಾಬಿ, ಮೇಲಿನದು ಮಾತ್ರ ನೀವು ದುಡ್ಡು ಕೊಟ್ಟದ್ದು. ಕೆಳಗಿನದನ್ನು ಮಣ್ಣು ಸರಿಸಿ ಬುಡಸಮೇತ ಕಿತ್ತು ತೆಗೆಯಿರಿ. ಅದನ್ನು ಮಣ್ಣಿನ ಮೇಲಷ್ಟೇ ಕತ್ತರಿಸಿದರೆ ಒಂದಿದ್ದದ್ದು ನಾಲ್ಕಾಗುತ್ತದೆ. ಗಂಟಿನ ಮೇಲೆ ಹಸಿರು ಏನೂ ಉಳಿದಿಲ್ಲದಿದ್ದರೆ ಹೊಸ ಗಿಡ ತನ್ನಿ.

ಪ್ರಶ್ನೆ: ಡೆಲ್ಲಿ ಕನಕಾಂಬರದಲ್ಲಿ ಬೀಜ ಹುಡುಕಿ ಸಾಕಾಯಿತು. ಅಕ್ಕನಿಗೆ ಕಳಿಸಬೇಕಿತ್ತು.
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಹುಡುಕಬೇಡಿ, ಇರುವುದಿಲ್ಲ. ಆ ತಳಿಗೆ ಕ್ರೋಮೋಸೋಮ್ ಮೂರು ಸೆಟ್ ಇರುವುದರಿಂದ ಬೀಜ ಕಟ್ಟುವುದಿಲ್ಲ. ಕಡ್ಡಿಯಿಂದಲೇ ಮನೆಯಿಂದ ಮನೆಗೆ ದಾಟಬೇಕು. ಮಳೆಗಾಲದಲ್ಲಿ ಹೂತೆನೆ ಇಲ್ಲದ ತುದಿಗಳನ್ನು ಬೆರಳುದ್ದ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿ. ಅಕ್ಕ ನೆರಳಲ್ಲಿ ಮರಳಿಗೆ ಊರಿದರೆ ಬೇರು ಬರುತ್ತದೆ. ಬೀಜವೇ ಬೇಕೆಂದರೆ ನಾಟಿ ಕನಕಾಂಬರ ಹಾಕಿಕೊಳ್ಳಿ. ಅದರ ಒಣ ತೆನೆಯನ್ನು ನೀರಿಗೆ ಹಾಕಿದರೆ ಪಟ್ ಪಟ್ ಸಿಡಿದು ಬೀಜ ಹಾರುತ್ತದೆ. ಬಟ್ಟಲಿಗೆ ಮುಚ್ಚಳ ಇರಲಿ, ಮಕ್ಕಳನ್ನೂ ಕರೆಯಿರಿ.